ಫಾರಿನ್‌ಗೆ ಹೊರಟವರ ದುಡ್ಡಿನ ಲೆಕ್ಕ: ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಬಿಬಿ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಾಸ್‌ಪೋರ್ಟ್ ಅರ್ಜಿ ತುಂಬುವುದು, ವೀಸಾ ಫೋಟೊ, ಟಿಕೆಟ್ ಪ್ರಿಂಟು, ಎಲ್ಲ ಮಾಡಿಕೊಡುತ್ತೇನೆ. ಏರ್‌ಪೋರ್ಟ್ ಇರುವುದು ದೇವನಹಳ್ಳಿ ಪಕ್ಕ. ಬೆಂಗಳೂರಿನ ಎಷ್ಟೋ ಬಡಾವಣೆಯವರಿಗಿಂತ ನಮಗೇ ಹತ್ತಿರ. ಹಾಗಾಗಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಮ್ಮಂದಿರು, ಉಮ್ರಾ ಯಾತ್ರೆಗೆ ಮೆಕ್ಕಾಕ್ಕೆ ಹೊರಟ ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳು, ದ್ರಾಕ್ಷಿ ದುಡ್ಡು ಕೈಗೆ ಬಂದ ಮೇಲೆ ಥಾಯ್ಲೆಂಡ್ ನೋಡಲು ಹೊರಟ ಹುಡುಗರು, ಎಲ್ಲರೂ ಒಂದಲ್ಲ ಒಂದು ಕಾಗದ ಹಿಡಿದು ನಮ್ಮ ಅಂಗಡಿಗೆ ಬರುತ್ತಾರೆ. ಪ್ರಿಂಟು ಬರುವಷ್ಟರಲ್ಲಿ ದುಡ್ಡಿನ ಮಾತು ಶುರುವಾಗುತ್ತದೆ. ಕೇಳಿದ್ದನ್ನೇ ಕೇಳುತ್ತಾರೆ, ಹೇಳಿದ್ದನ್ನೇ ಹೇಳುತ್ತೇನೆ. ಅದಕ್ಕೇ ಬರೆದಿಟ್ಟುಬಿಡೋಣ ಅನ್ನಿಸಿತು.

"ಕಮಿಷನ್ ಇಲ್ಲ" ಅಂತ ಬೋರ್ಡ್ ಹಾಕಿದ್ದಾರಲ್ಲ ಅಣ್ಣ, ಮತ್ತೆ ಅವರಿಗೇನು ಲಾಭ?

ಇದೊಂದು ಅರ್ಥವಾದರೆ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಕೋಲಾರದ ಟೊಮೆಟೊ ಮಂಡಿ ನೋಡಿದ್ದೀರಲ್ಲ. 15 ಕೆಜಿ ಬಾಕ್ಸಿಗೆ ರೈತನ ಕೈಗೆ ಬರುವ ರೇಟು ಒಂದು, ಅದೇ ಬಾಕ್ಸು ಬೆಂಗಳೂರಿನ ಅಂಗಡಿಯಲ್ಲಿ ಮಾರುವ ರೇಟು ಇನ್ನೊಂದು. ಡಾಲರ್ ಕೂಡ ಅಷ್ಟೇ. ಬದಲಾಯಿಸಿಕೊಡುವವನು ನಿಮಗೆ ಮಾರುವ ರೇಟು ಬೇರೆ, ನಿಮ್ಮಿಂದ ಕೊಳ್ಳುವ ರೇಟು ಬೇರೆ. ಅವನ ಸಂಪಾದನೆ ಆ ನಡುವಿನ ಅಂತರದಲ್ಲಿದೆ. ಕಮಿಷನ್ ಅಂತ ಬೇರೆ ತಗೊಳ್ಳುವ ಅಗತ್ಯವೇ ಅವನಿಗಿಲ್ಲ. ನಂದಿ ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಹಾಗೆ. ಮೇಲೆ ಕಾಣುವುದು ಟವೆಲ್ ಮಾತ್ರ.

ಲೆಕ್ಕಕ್ಕೆ ಸುಲಭವಾಗಲಿ, ಗೂಗಲ್‌ನಲ್ಲಿ ಡಾಲರ್ 90 ರೂಪಾಯಿ ತೋರಿಸುತ್ತಿದೆ ಅಂತ ಇಟ್ಟುಕೊಳ್ಳಿ. ಅದು ಬ್ಯಾಂಕುಗಳು ತಮ್ಮತಮ್ಮಲ್ಲಿ ವ್ಯಾಪಾರ ಮಾಡುವ ರೇಟು. ನಮಗೆ ಸಿಗುವ ರೇಟಲ್ಲ. ಒಬ್ಬ 91.25ಕ್ಕೆ ಕೊಡುತ್ತಾನೆ, ಇನ್ನೊಬ್ಬ "ಕಮಿಷನ್ ಇಲ್ಲ" ಅಂತ ಬೋರ್ಡ್ ಹಾಕಿ 96ಕ್ಕೆ ಕೊಡುತ್ತಾನೆ. 1,000 ಡಾಲರ್ ಕೊಂಡರೆ ಇಬ್ಬರ ನಡುವೆ 4,750 ರೂಪಾಯಿ ವ್ಯತ್ಯಾಸ. ಬೋರ್ಡ್ ನೋಡಿ ಖುಷಿಪಟ್ಟವರು ಕೊಟ್ಟ ಬೆಲೆ ಅದು.

ಇದರ ಮೇಲೆ ಸರ್ಕಾರದ ಜಿಎಸ್‌ಟಿ ಇದೆ, ಅದು ಎಲ್ಲ ಕಡೆ ಒಂದೇ. ಪೂರ್ತಿ ಮೊತ್ತದ ಮೇಲೆ 18 ಪರ್ಸೆಂಟ್ ಅಂದುಕೊಂಡು ಎಷ್ಟೋ ಜನ ಹೆದರುತ್ತಾರೆ. ಹಾಗಲ್ಲ. 1 ಲಕ್ಷದವರೆಗಿನ ವಹಿವಾಟಿಗೆ ಮೊತ್ತದ 1 ಪರ್ಸೆಂಟನ್ನು ಸೇವೆಯ ಬೆಲೆ ಅಂತ ಹಿಡಿಯುತ್ತಾರೆ. ಅದರ ಮೇಲೆ 18 ಪರ್ಸೆಂಟ್. 91,250 ರೂಪಾಯಿಯ ಡಾಲರ್ ಕೊಂಡರೆ ಸುಮಾರು 164 ರೂಪಾಯಿ ಆಗುತ್ತದೆ, ಅಷ್ಟೇ. ಎಷ್ಟೇ ಕಡಿಮೆ ಕೊಂಡರೂ 45 ರೂಪಾಯಿ ಕೊಡಲೇಬೇಕು.

ಆದ್ದರಿಂದ ಕೌಂಟರ್‌ನಲ್ಲಿ "ಕಮಿಷನ್ ಎಷ್ಟು?" ಅಂತ ಕೇಳಬೇಡಿ. "ಎಲ್ಲ ಸೇರಿ ನಾನು ಎಷ್ಟು ರೂಪಾಯಿ ಕೊಟ್ಟರೆ ಕೈಗೆ ಎಷ್ಟು ಡಾಲರ್ ಬರುತ್ತದೆ?" ಅಂತ ಕೇಳಿ. ಈ ಪ್ರಶ್ನೆ ಕೇಳಿದ ತಕ್ಷಣ ರೇಟು 50 ಪೈಸೆ ಇಳಿದಿದ್ದನ್ನು ನಾನೇ ನೋಡಿದ್ದೇನೆ.

ಹೇಗೂ ಏರ್‌ಪೋರ್ಟ್‌ಗೆ ಹೋಗ್ತೀವಲ್ಲ, ಅಲ್ಲೇ ಬದಲಾಯಿಸಿಕೊಂಡರೆ ಆಗಲ್ವಾ?

ಆಗುತ್ತದೆ. ಜೇಬು ಜಾಸ್ತಿ ಖಾಲಿಯಾಗುತ್ತದೆ. ಅಲ್ಲಿ ಬಾಡಿಗೆ ದುಬಾರಿ, ಗಿರಾಕಿಗೆ ಬೇರೆ ದಾರಿ ಇಲ್ಲ, ವಿಮಾನದ ಟೈಮ್ ಆಗುತ್ತಿರುತ್ತದೆ. ಇನ್ನು ಒಳ್ಳೆಯ ರೇಟು ಎಲ್ಲಿಂದ ಬರಬೇಕು? ಕೆಲವು ಕಂಪನಿಗಳು ಆನ್‌ಲೈನ್‌ನಲ್ಲಿ ಮೊದಲೇ ರೇಟು ಬುಕ್ ಮಾಡಿ ಏರ್‌ಪೋರ್ಟ್ ಕೌಂಟರ್‌ನಲ್ಲಿ ತಗೊಳ್ಳಲು ಬಿಡುತ್ತವೆ, ಅದು ವಾಸಿ. ಇಳಿದ ಊರಿನ ಏರ್‌ಪೋರ್ಟ್‌ನಲ್ಲೂ ಇದೇ ಕಥೆ. ಟ್ಯಾಕ್ಸಿಗೆ, ನೀರಿಗೆ ಆಗುವಷ್ಟು ಮಾತ್ರ ಅಲ್ಲಿ ಬದಲಾಯಿಸಿ, ಉಳಿದದ್ದನ್ನು ಊರೊಳಗೆ ನೋಡಿಕೊಳ್ಳಿ.

ನಮ್ಮೂರಲ್ಲೇ ಡಾಲರ್ ಸಿಗುತ್ತಾ? ಏನೇನು ಕಾಗದ ಬೇಕು?

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನಲ್ಲಿ ಬ್ಯಾಂಕ್ ಬ್ರಾಂಚ್‌ಗಳೇನೋ ಬೇಕಾದಷ್ಟಿವೆ. ಆದರೆ ವಿದೇಶಿ ನೋಟು ಎಲ್ಲ ಬ್ರಾಂಚ್‌ನಲ್ಲೂ ಇಟ್ಟಿರುವುದಿಲ್ಲ. ಸುಮ್ನೆ ಹೋಗಿ ಕ್ಯೂ ನಿಲ್ಲಬೇಡಿ. ನಾಲ್ಕೈದು ದಿನ ಮೊದಲೇ ಫೋನ್ ಮಾಡಿ ತರಿಸಿಡಲು ಹೇಳಿ. ಇಲ್ಲವೇ ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಮುಗಿಸಿಕೊಂಡು ಬನ್ನಿ. ಎಂ.ಜಿ. ರೋಡ್ ಸುತ್ತಮುತ್ತ ಅಂಗಡಿಗಳು ಒಂದರ ಪಕ್ಕ ಒಂದು ಇವೆ. ಎರಡು ಮೂರು ಕಡೆ ಕೇಳಿದರೆ ರೇಟು ತಾನಾಗೇ ಸರಿಹೋಗುತ್ತದೆ.

ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಬೇಕು. ಎ2 ಅನ್ನುವ ಫಾರಂ ಅವರೇ ಕೊಡುತ್ತಾರೆ. ನೀವು ಕೊಡುವ ಮೊತ್ತ 50,000 ರೂಪಾಯಿಯೊಳಗೆ ಇದ್ದರೆ ನಗದು ಕೊಡಬಹುದು. ಅದಕ್ಕಿಂತ ಹೆಚ್ಚಾದರೆ ಚೆಕ್ಕು, ಕಾರ್ಡು ಅಥವಾ ಬ್ಯಾಂಕ್ ಖಾತೆಯಿಂದಲೇ ಹೋಗಬೇಕು. ರಸೀದಿ ಬಿಸಾಡಬೇಡಿ. ವಾಪಸ್ ಬಂದು ಉಳಿದದ್ದನ್ನು ಮಾರುವಾಗ ಬೇಕಾಗುತ್ತದೆ.

"ನಮ್ಮ ಪಕ್ಕದ ಮನೆಯವರ ಹತ್ತಿರ 500 ಡಾಲರ್ ಇದೆ, ಅವರಿಂದಲೇ ತಗೊಳ್ಳಲಾ?" ಅಂತ ಒಬ್ಬರು ಕೇಳಿದ್ದರು. ಬೇಡ. ಆರ್‌ಬಿಐ ಪರವಾನಗಿ ಇರುವವರ ಹತ್ತಿರ ಮಾತ್ರ ಕೊಳ್ಳಬೇಕು ಅನ್ನುವುದು ಕಾನೂನು. ನೋಟು ಅಸಲಿಯೋ ನಕಲಿಯೋ ನೋಡಿ ಹೇಳಲು ನಮಗೂ ಬರುವುದಿಲ್ಲ, ಪಕ್ಕದ ಮನೆಯವರಿಗೂ ಬರುವುದಿಲ್ಲ.

ನೋಟು ತಗೊಳ್ಳುವಾಗ ಹೊಸದು, ಮಡಿಕೆ ಇಲ್ಲದ್ದು, ಪೆನ್ನಿನ ಗೀಟು ಇಲ್ಲದ್ದು ಕೇಳಿ ತಗೊಳ್ಳಿ. ಹರಿದ ಡಾಲರ್ ನೋಟನ್ನು ಆಗ್ನೇಯ ಏಷ್ಯಾದ ಊರುಗಳಲ್ಲಿ ಮುಟ್ಟುವುದೂ ಇಲ್ಲ. ಅಲ್ಲಿ ಬದಲಾಯಿಸುವುದಾದರೆ 100ರ ನೋಟಿಗೆ ಚಿಲ್ಲರೆ ನೋಟಿಗಿಂತ ಒಳ್ಳೆಯ ರೇಟು ಕೊಡುವ ಅಂಗಡಿಗಳೇ ಜಾಸ್ತಿ.

ಕೈಯಲ್ಲಿ ಎಷ್ಟು ದುಡ್ಡು ಒಯ್ಯಬಹುದು?

ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಡಾಲರ್‌ನಷ್ಟು. ಕೆಲವೇ ದೇಶಗಳಿಗೆ ಇದರಲ್ಲಿ ಸಡಿಲಿಕೆ ಇದೆ. ಅದಕ್ಕಿಂತ ಹೆಚ್ಚು ಬೇಕಾದರೆ ಕಾರ್ಡಿನಲ್ಲಿ ಒಯ್ಯಬೇಕು. ನಮ್ಮ ರೂಪಾಯಿ 25,000 ತನಕ ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದು. ವಾಪಸ್ ಬಂದಾಗ ದೇವನಹಳ್ಳಿಯಿಂದ ಊರಿಗೆ ಬರಲು ಅದು ಬೇಕಲ್ಲ.

ನಾನು ಇಷ್ಟೇ ಹೇಳುವುದು: ಖರ್ಚಿನ ಅಂದಾಜಿನಲ್ಲಿ ಕಾಲು ಭಾಗ ನೋಟು, ಉಳಿದದ್ದು ಕಾರ್ಡು. ಇಬ್ಬರು ಹೋಗುತ್ತಿದ್ದರೆ ದುಡ್ಡೂ ಎರಡು ಕಡೆ ಇರಲಿ. ಒಂದೇ ಬ್ಯಾಗಿನಲ್ಲಿ ಎಲ್ಲ ತುಂಬಿ ಆ ಬ್ಯಾಗನ್ನು ಯಜಮಾನರ ಹೆಗಲಿಗೆ ಹಾಕುವುದು ನಮ್ಮ ಕಡೆಯ ಹಳೆಯ ಚಾಳಿ.

ನಮ್ಮ ಎಟಿಎಂ ಕಾರ್ಡು ಅಲ್ಲಿ ನಡೆಯುತ್ತಾ?

ವೀಸಾ, ಮಾಸ್ಟರ್‌ಕಾರ್ಡ್ ಅನ್ನುವ ಕಾರ್ಡ್ ಕಂಪನಿಗಳ ಗುರುತು ಇದ್ದು ಅಂತರರಾಷ್ಟ್ರೀಯ ಬಳಕೆಯ ಕಾರ್ಡ್ ಆಗಿದ್ದರೆ ನಡೆಯುತ್ತದೆ. ಆದರೆ ಮೊದಲು ಅದನ್ನು ಆನ್ ಮಾಡಬೇಕು. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ಕೆಲಸ ಮಾಡುವ ಹಾಗೆ ಬರುತ್ತವೆ. ವಿದೇಶದ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲು ಮಾಡಿ ಮಿತಿ ಹಾಕಿಕೊಳ್ಳಬೇಕು. ಇದನ್ನು ಮನೆಯಲ್ಲೇ ಮಾಡಿ ಮುಗಿಸಿ. ಅಲ್ಲಿ ಹೋದ ಮೇಲೆ ಒಟಿಪಿ ಬರದೆ ಒದ್ದಾಡಬೇಕಾಗುತ್ತದೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್‌ಗೆ ರೋಮಿಂಗ್ ಹಾಕಿಸಿಕೊಳ್ಳಿ. ಅಲ್ಲಿನ ಸಿಮ್ ಹಾಕಿಕೊಂಡು ನಮ್ಮ ಸಿಮ್ಮನ್ನು ತೆಗೆದು ಪರ್ಸಿನಲ್ಲಿಟ್ಟ ಪುಣ್ಯಾತ್ಮರಿದ್ದಾರೆ. ಒಟಿಪಿ ಪರ್ಸಿಗೆ ಬರುವುದಿಲ್ಲ.

ಇನ್ನು ಫೀಸಿನ ಮಾತು. ಎಟಿಎಂನಿಂದ ಒಂದು ಸಲ ದುಡ್ಡು ತೆಗೆದರೆ ಮೂರು ಕಡೆ ಕತ್ತರಿ. ನಮ್ಮ ಬ್ಯಾಂಕಿನ ಎಟಿಎಂ ಫೀಸು, ಕರೆನ್ಸಿ ಬದಲಾವಣೆಯ ಮಾರ್ಕಪ್ (ರೇಟಿನ ಮೇಲೆ ಬ್ಯಾಂಕ್ ಹಾಕುವ ಹೆಚ್ಚುವರಿ), ಮತ್ತೆ ಆ ದೇಶದ ಎಟಿಎಂನವರ ಫೀಸು. ಥಾಯ್ಲೆಂಡ್‌ನಲ್ಲಿ ಹೊರದೇಶದ ಕಾರ್ಡಿಗೆ ಒಂದು ಸಲಕ್ಕೆ 200 ಬಾತ್‌ಗಿಂತ ಜಾಸ್ತಿ ತಗೊಳ್ಳುತ್ತಾರೆ. 1,000 ಬಾತ್ ತೆಗೆದರೆ ನೂರಕ್ಕೆ ಇಪ್ಪತ್ತಕ್ಕೂ ಮೇಲೆ ಹೋಯಿತು. 10,000 ತೆಗೆದರೂ ಅಷ್ಟೇ ಫೀಸು. ದಿನಾ ಚೂರುಚೂರು ತೆಗೆಯಬೇಡಿ, ಒಂದೆರಡು ಸಲದಲ್ಲಿ ಮುಗಿಸಿ.

ಕ್ರೆಡಿಟ್ ಕಾರ್ಡ್ ಹಾಕಿ ನಗದು ಮಾತ್ರ ತೆಗೆಯಲೇಬೇಡಿ. ಅದಕ್ಕೆ ಬೇರೆ ಫೀಸು, ಮೇಲೆ ತೆಗೆದ ದಿನದಿಂದಲೇ ಬಡ್ಡಿ.

ಫಾರೆಕ್ಸ್ ಕಾರ್ಡ್ ಒಳ್ಳೆಯದಾ, ಕ್ರೆಡಿಟ್ ಕಾರ್ಡ್ ಒಳ್ಳೆಯದಾ?

ಅವರವರ ಕೈ ನೋಡಿ ಹೇಳಬೇಕು.

ಮಾಮೂಲಿ ಕ್ರೆಡಿಟ್, ಡೆಬಿಟ್ ಕಾರ್ಡಿನಲ್ಲಿ ವಿದೇಶದ ಖರ್ಚಿಗೆ ಮಾರ್ಕಪ್ ಅಂತ ಹಾಕುತ್ತಾರೆ. ಎಷ್ಟೋ ಕಾರ್ಡುಗಳಲ್ಲಿ ಅದು 3.5 ಪರ್ಸೆಂಟ್. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 10,000 ರೂಪಾಯಿ ಖರ್ಚು ಮಾಡಿದರೆ 350, ಅದಕ್ಕೆ 63 ಜಿಎಸ್‌ಟಿ, ಒಟ್ಟು 413. ಎರಡು ಲಕ್ಷದ ಪ್ರವಾಸದಲ್ಲಿ ಇದು 8,000 ದಾಟುತ್ತದೆ. ಬಿಲ್ಲಿನಲ್ಲಿ ಸಣ್ಣ ಸಣ್ಣ ಸಾಲಾಗಿ ಬರುವುದರಿಂದ ಯಾರೂ ಕೂಡಿಸಿ ನೋಡುವುದಿಲ್ಲ.

ಮಾರ್ಕಪ್ ಇಲ್ಲದ ಕಾರ್ಡುಗಳು ಈಗ ಬಂದಿವೆ. ಅಂಥದ್ದು ಸಿಕ್ಕರೆ ಬಿಡಬೇಡಿ, ಆದರೆ ವರ್ಷದ ಫೀಸು ಎಷ್ಟು, ಎಟಿಎಂ ಫೀಸು ಎಷ್ಟು ಅಂತ ಓದಿ ತಗೊಳ್ಳಿ. ಪ್ರಯಾಣಕ್ಕೆ ಒಂದೂವರೆ ತಿಂಗಳ ಮೊದಲೇ ಅರ್ಜಿ ಹಾಕಿ. ಹೊರಡುವ ವಾರ "ಕಾರ್ಡ್ ಇನ್ನೂ ಬಂದಿಲ್ಲ" ಅಂತ ಬರುವವರಿಗೆ ನಾನು ಜೆರಾಕ್ಸ್ ಬಿಟ್ಟು ಬೇರೇನೂ ಮಾಡಿಕೊಡಲಾರೆ.

ಫಾರೆಕ್ಸ್ ಕಾರ್ಡ್ ಅಂದರೆ ಮೊದಲೇ ಡಾಲರೋ ಯೂರೋನೋ ತುಂಬಿಸಿಕೊಂಡು ಹೋಗುವ ಕಾರ್ಡ್. ತುಂಬಿಸಿದ ದಿನದ ರೇಟೇ ಗಟ್ಟಿ. ಆಮೇಲೆ ರೂಪಾಯಿ ಕುಸಿದರೂ ನಿಮಗೆ ಚಿಂತೆ ಇಲ್ಲ. ವಯಸ್ಸಾದವರಿಗೆ ಇದನ್ನೇ ಹೇಳುತ್ತೇನೆ, ಯಾಕೆಂದರೆ ಕಳೆದುಹೋದರೆ ಅದರಲ್ಲಿದ್ದಷ್ಟಕ್ಕೆ ಮಾತ್ರ ಅಪಾಯ, ಊರಿನ ಉಳಿತಾಯ ಖಾತೆ ಸೇಫ್. ಆದರೆ ಇದರಲ್ಲೂ ಒಂದು ಗುಂಡಿ ಇದೆ. ಡಾಲರ್ ತುಂಬಿಸಿದ ಕಾರ್ಡನ್ನು ಯೂರೋ ನಡೆಯುವ ಕಡೆ ಉಜ್ಜಿದರೆ ಮತ್ತೆ ಬದಲಾವಣೆಯ ಫೀಸು ಬೀಳುತ್ತದೆ. ಪ್ಯಾರಿಸ್‌ಗೆ ಹೋಗುವವರು ಯೂರೋ ತುಂಬಿಸಬೇಕು, ಲಂಡನ್‌ಗೆ ಪೌಂಡ್. "ಡಾಲರ್ ಎಲ್ಲ ಕಡೆ ನಡೆಯುತ್ತೆ" ಅನ್ನುವ ಮಾತು ನೋಟಿಗೆ ಸ್ವಲ್ಪ ಮಟ್ಟಿಗೆ ನಿಜ, ಕಾರ್ಡಿಗೆ ಅಲ್ಲ.

ಹೋಟೆಲ್‌ನಲ್ಲಿ, ಬಾಡಿಗೆ ಕಾರಿನವರ ಹತ್ತಿರ ಮಾತ್ರ ಫಾರೆಕ್ಸ್ ಕಾರ್ಡಾಗಲಿ ಡೆಬಿಟ್ ಕಾರ್ಡಾಗಲಿ ಕೊಡಬೇಡಿ. ಅವರು ಮುಂಗಡ ಅಂತ ಒಂದಷ್ಟು ಮೊತ್ತವನ್ನು ತಡೆಹಿಡಿಯುತ್ತಾರೆ. ನೀವು ಖಾಲಿ ಮಾಡಿದ ಮೇಲೂ ಅದು ಬಿಡುಗಡೆಯಾಗಲು ದಿನಗಟ್ಟಲೆ ಬೇಕು. ಕ್ರೆಡಿಟ್ ಕಾರ್ಡಿನಲ್ಲಾದರೆ ಬರೀ ಲಿಮಿಟ್ ಕಡಿಮೆಯಾಗುತ್ತದೆ, ಕೈಯಲ್ಲಿರುವ ದುಡ್ಡು ಸಿಕ್ಕಿಹಾಕಿಕೊಳ್ಳುವುದಿಲ್ಲ.

ಕಾರ್ಡ್ ಮಿಷನ್ "ರೂಪಾಯಿಯಲ್ಲಿ ಕೊಡ್ತೀರಾ?" ಅಂತ ಕೇಳಿದರೆ?

ಬೇಡ ಅನ್ನಿ. ಯಾವಾಗಲೂ ಆ ದೇಶದ ದುಡ್ಡಿನಲ್ಲೇ ಕೊಡಿ. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತದ್ದು.

2019ರಲ್ಲಿ ನಾವು ನಾಲ್ಕು ಜನ ಬ್ಯಾಂಕಾಕ್‌ಗೆ ಹೋಗಿದ್ದೆವು. ಒಂದು ಮಾಲ್‌ನಲ್ಲಿ ಮನೆಯವಳಿಗೆ ಒಂದು ಬ್ಯಾಗ್ ಕೊಂಡೆ, 3,000 ಬಾತ್. ಕಾರ್ಡ್ ಉಜ್ಜಿದ ಹುಡುಗಿ ನಗುತ್ತಾ ಮಿಷನ್ ನನ್ನ ಕಡೆ ತಿರುಗಿಸಿದಳು. ಪರದೆಯಲ್ಲಿ ಬಾತ್ ಒಂದು ಕಡೆ, ನಮ್ಮ ರೂಪಾಯಿ ಇನ್ನೊಂದು ಕಡೆ. ಪರದೇಶದಲ್ಲಿ ರೂಪಾಯಿ ಗುರುತು ನೋಡಿ ನನಗೆ ನಮ್ಮೂರವರು ಸಿಕ್ಕಷ್ಟು ಸಂತೋಷವಾಯಿತು. ಅದನ್ನೇ ಒತ್ತಿದೆ. ರಾತ್ರಿ ರೂಮಿಗೆ ಬಂದು ಲೆಕ್ಕ ಹಾಕಿದರೆ ಆ ದಿನದ ರೇಟಿನಲ್ಲಿ 6,750 ರೂಪಾಯಿ ಆಗಬೇಕಿದ್ದದ್ದು 7,150 ಆಗಿತ್ತು. ತಿಂಗಳ ಕೊನೆಗೆ ಬಿಲ್ ಬಂದಾಗ ನೋಡಿದರೆ ನಮ್ಮ ಬ್ಯಾಂಕ್ ಅದರ ಮೇಲೆ ತನ್ನ ಫೀಸನ್ನೂ ಹಾಕಿತ್ತು. ರೂಪಾಯಿಯಲ್ಲಿ ಕೊಟ್ಟರೂ ಅಂಗಡಿ ಇರುವುದು ಹೊರದೇಶದಲ್ಲಿ ಅನ್ನುವುದು ಅವರ ವಾದ.

ಇದರ ಒಳಗುಟ್ಟು ಇಷ್ಟೇ. ರೂಪಾಯಿ ಅಂತ ಒತ್ತಿದರೆ ಬದಲಾವಣೆಯ ರೇಟನ್ನು ಆ ಅಂಗಡಿಯ ಮಿಷನ್ ನಡೆಸುವವರು ಹಾಕುತ್ತಾರೆ, ಅದರಲ್ಲಿ ಅಂಗಡಿಯವರಿಗೂ ಪಾಲಿರುತ್ತದೆ. ಬಾತ್ ಅಂತ ಒತ್ತಿದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ರೇಟು ಬರುತ್ತದೆ, ಅದು ಗೂಗಲ್ ರೇಟಿಗೆ ಹತ್ತಿರ ಇರುತ್ತದೆ.

ಎಟಿಎಂನಲ್ಲಿ ಇದೇ ಆಟ ಇನ್ನೂ ಚೆನ್ನಾಗಿ ಆಡುತ್ತಾರೆ. ಕೊನೆಯಲ್ಲಿ "ಅಕ್ಸೆಪ್ಟ್ ಕನ್ವರ್ಷನ್", "ಡಿಕ್ಲೈನ್ ಕನ್ವರ್ಷನ್" ಅಂತ ಎರಡು ಬಟನ್ ಬರುತ್ತದೆ. ಡಿಕ್ಲೈನ್ ಒತ್ತಿದರೆ ದುಡ್ಡೇ ಬರುವುದಿಲ್ಲವೇನೋ ಅಂತ ನಮ್ಮವರು ಹೆದರಿ ಅಕ್ಸೆಪ್ಟ್ ಒತ್ತುತ್ತಾರೆ. ದುಡ್ಡು ಬರುತ್ತದೆ. ಬೇಡ ಅಂದದ್ದು ಅವರ ರೇಟನ್ನು ಮಾತ್ರ. ಧೈರ್ಯವಾಗಿ ಡಿಕ್ಲೈನ್ ಒತ್ತಿ.

ಕೆಲವು ಅಂಗಡಿಯವರು ಕೇಳದೆ ತಾವೇ ರೂಪಾಯಿ ಒತ್ತಿಬಿಡುತ್ತಾರೆ. ಚೀಟಿಯಲ್ಲಿ ರೂಪಾಯಿ ಕಂಡರೆ ಅಲ್ಲೇ ರದ್ದು ಮಾಡಿಸಿ ಮತ್ತೆ ಉಜ್ಜಿಸಿ. ಸಹಿ ಮಾಡಿ ಹೊರಗೆ ಬಂದ ಮೇಲೆ ಕೇಳುವವರಿಲ್ಲ.

ಫೋನ್‌ಪೇ, ಗೂಗಲ್‌ಪೇ ನಡೆಯುತ್ತಾ?

ಕೆಲವು ದೇಶಗಳಲ್ಲಿ, ಕೆಲವು ಅಂಗಡಿಗಳಲ್ಲಿ. ಭೂತಾನ್‌ನಲ್ಲಿ 2021ರಲ್ಲಿ ಶುರುವಾಯಿತು. 2024ರ ಫೆಬ್ರವರಿಯಲ್ಲಿ ಶ್ರೀಲಂಕಾ, ಮಾರಿಷಸ್‌ನಲ್ಲಿ ಬಂತು. ಅದೇ ಹೊತ್ತಿಗೆ ಪ್ಯಾರಿಸ್‌ನ ಐಫೆಲ್ ಟವರ್ ಟಿಕೆಟಿಗೂ ಬಂತು. ನೇಪಾಳ, ಸಿಂಗಾಪುರ, ದುಬೈಯಲ್ಲೂ ಇದೆ. ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಅನ್ನುವುದನ್ನು ಚಾಲು ಮಾಡಿಕೊಳ್ಳಬೇಕು, ನಿಮ್ಮ ಬ್ಯಾಂಕ್ ಅದಕ್ಕೆ ಸೇರಿರಬೇಕು. ಬದಲಾವಣೆಯ ರೇಟು ಇಲ್ಲೂ ಇದೆ, ಪುಕ್ಕಟೆ ಅಲ್ಲ. ಪಿನ್ ಹಾಕುವ ಮೊದಲು ರೂಪಾಯಿ ಎಷ್ಟು ತೋರಿಸುತ್ತಿದೆ ನೋಡಿಕೊಳ್ಳಿ. ಇದನ್ನೇ ನಂಬಿಕೊಂಡು ಬರಿಗೈಯಲ್ಲಿ ಹೋಗಬೇಡಿ. ನಮ್ಮ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಸ್ಕ್ಯಾನ್ ಮಾಡುವ ಅಭ್ಯಾಸ ಅಲ್ಲಿ ಕೈಕೊಡುತ್ತದೆ.

ನೇಪಾಳ, ಭೂತಾನ್‌ಗೆ ಏನು ಒಯ್ಯಬೇಕು?

ನಮ್ಮ ರೂಪಾಯಿಯನ್ನೇ. ನೇಪಾಳದ ರೂಪಾಯಿ 1993ರಿಂದಲೂ ನಮ್ಮ 1 ರೂಪಾಯಿಗೆ 1.60 ಅಂತ ಕಟ್ಟಿಹಾಕಿದ್ದಾರೆ. ಯಾರಾದರೂ 1.50 ಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. 100ರ ನೋಟುಗಳ ಕಟ್ಟು ಒಯ್ಯಿರಿ. 2018ರ ಕೊನೆಯಲ್ಲಿ ನೇಪಾಳ 100ಕ್ಕಿಂತ ದೊಡ್ಡ ಭಾರತದ ನೋಟುಗಳನ್ನು ನಿಷೇಧಿಸಿತ್ತು. ದೊಡ್ಡ ನೋಟಿನ ನಿಯಮ ಬದಲಾಗುತ್ತಿರುತ್ತದೆ, 100ರ ನೋಟಿಗೆ ತಕರಾರಿಲ್ಲ. ಪಶುಪತಿನಾಥ, ಮುಕ್ತಿನಾಥ ಅಂತ ಬಸ್ ಮಾಡಿಕೊಂಡು ಹೊರಡುವವರಿಗೆ ತುಮಕೂರಿನ ನನ್ನ ಷಡ್ಡಕರು ಮೊದಲು ಹೇಳುವ ಮಾತೂ ಇದೇ.

ಭೂತಾನ್‌ನ ಎನ್‌ಗುಲ್ಟ್ರಂ ನಮ್ಮ ರೂಪಾಯಿಗೆ ಸರಿಸಮ. ಅಲ್ಲಿ ನಮ್ಮ ನೋಟು ನಡೆಯುತ್ತದೆ, ಇಲ್ಲಿ ಅವರದು ನಡೆಯುವುದಿಲ್ಲ. ಚಿಲ್ಲರೆಯಾಗಿ ಬಂದ ಅವರ ನೋಟನ್ನು ಗಡಿ ದಾಟುವ ಮೊದಲೇ ಖರ್ಚು ಮಾಡಿ. ನಮ್ಮವರಿಗೆ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ಸರ್ಕಾರಿ ಶುಲ್ಕ ಇದೆ, ಅದನ್ನು ಬಜೆಟ್‌ಗೆ ಸೇರಿಸಿಕೊಳ್ಳಿ.

ದುಬೈಗೆ ದಿರ್ಹಂ ಕೊಳ್ಳಲಾ, ಡಾಲರ್ ಕೊಳ್ಳಲಾ? ಥಾಯ್ಲೆಂಡ್, ವಿಯೆಟ್ನಾಂಗೆ?

ದಿರ್ಹಂ 1997ರಿಂದ ಒಂದು ಡಾಲರ್‌ಗೆ 3.6725 ಅಂತ ಕಟ್ಟುಬಿದ್ದಿದೆ. ಸೌದಿ ರಿಯಾಲ್ 3.75. ಹಾಗಾಗಿ ಲೆಕ್ಕ ಸುಲಭ. ಇಲ್ಲಿ ಹೇಳುವ ದಿರ್ಹಂ ರೇಟನ್ನು 3.6725ರಿಂದ ಗುಣಿಸಿ. ಡಾಲರ್ ರೇಟಿಗಿಂತ ತುಂಬಾ ಜಾಸ್ತಿ ಬಂದರೆ ದಿರ್ಹಂ ದುಬಾರಿ, ಡಾಲರ್ ಕೊಂಡು ಅಲ್ಲಿ ಬದಲಾಯಿಸಿ. ಹೆಚ್ಚುಕಡಿಮೆ ಸಮ ಬಂದರೆ ಇಲ್ಲೇ ದಿರ್ಹಂ ತಗೊಂಡು ಬಿಡಿ. ಉಮ್ರಾಕ್ಕೆ ಹೋಗುವವರಿಗೂ ಇದೇ, 3.75 ಹಾಕಿ ನೋಡಿ. ಶಿಡ್ಲಘಟ್ಟದ ಒಬ್ಬ ಸಾಬರು ಈ ಗುಣಾಕಾರವನ್ನು ಬಾಯಲ್ಲೇ ಮಾಡಿ ತೋರಿಸಿದರು. ದಿನಾ ಗೂಡಿನ ಹರಾಜಿನಲ್ಲಿ ಪೈಸೆ ಲೆಕ್ಕ ಹಾಕುವವರಿಗೆ ಇದೇನು ಮಹಾ.

ಬಾತ್, ಡಾಂಗ್‌ನಂಥವಕ್ಕೆ ಇಲ್ಲಿ ಕೊಳ್ಳುವವರು ಕಡಿಮೆ, ಅದಕ್ಕೇ ರೇಟಿನ ಅಂತರ ಜಾಸ್ತಿ. ಅಲ್ಲಿಗೆ ಡಾಲರ್ ಒಯ್ದು ಊರೊಳಗಿನ ಅಂಗಡಿಯಲ್ಲಿ ಬದಲಾಯಿಸುವುದು ಸಾಮಾನ್ಯವಾಗಿ ಲಾಭ. ಥಾಯ್ಲೆಂಡ್‌ನಲ್ಲಿ ಇಳಿದ ಮೇಲೆ ವೀಸಾ ಪಡೆಯುವವರಾದರೆ ಒಬ್ಬರಿಗೆ 10,000 ಬಾತ್, ಕುಟುಂಬಕ್ಕೆ 20,000 ಬಾತ್‌ನಷ್ಟು ದುಡ್ಡು ಕೈಯಲ್ಲಿದೆ ಅಂತ ತೋರಿಸಲು ತಯಾರಿರಬೇಕು. ವಿಯೆಟ್ನಾಂನಲ್ಲಿ ಒಂದು ಎಚ್ಚರಿಕೆ: 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ಕತ್ತಲಲ್ಲಿ ಟ್ಯಾಕ್ಸಿಯವನಿಗೆ ಕೊಡುವಾಗ ಸೊನ್ನೆ ಎಣಿಸಿ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗ್ತಿದ್ದೀನಿ ಕಣಪ್ಪ, ಎಷ್ಟು ತಗೊಂಡು ಹೋಗಲಿ?

ಅಮ್ಮ, ಅಲ್ಲಿ ನಿಮ್ಮ ಕೈಯಿಂದ ಖರ್ಚು ಮಾಡಲು ಮಗಳು ಅಳಿಯ ಬಿಡುವುದಿಲ್ಲ. ಆದರೂ ಕೈಯಲ್ಲಿ 300ರಿಂದ 500 ಡಾಲರ್ ಇರಲಿ. ದಾರಿಯಲ್ಲಿ ವಿಮಾನ ತಪ್ಪಿದರೆ, ಬ್ಯಾಗ್ ಬಾರದಿದ್ದರೆ ಬೇಕು. ಅದರಲ್ಲಿ 5, 10, 20ರ ನೋಟು ಸೇರಿರಲಿ. ಅಮೆರಿಕದ ನೋಟುಗಳೆಲ್ಲ ಒಂದೇ ಅಳತೆ, 1 ಡಾಲರ್ ಆದರೂ 100 ಆದರೂ. ನಮ್ಮ ಹಾಗೆ ಉದ್ದಗಿಡ್ಡ ನೋಡಿ ಗೊತ್ತು ಮಾಡಲು ಆಗುವುದಿಲ್ಲ. ಬೇರೆ ಬೇರೆ ಮಡಚಿಡಿ.

ಅಂಗಡಿಯಲ್ಲಿ ಬರೆದಿರುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಬಿಲ್ ಕೊಡುವಾಗ ಜಾಸ್ತಿ ಆಗುತ್ತದೆ, ಮೋಸ ಅಂದುಕೊಳ್ಳಬೇಡಿ. ಹೋಟೆಲ್‌ನಲ್ಲಿ ಊಟ ಮಾಡಿದರೆ 15ರಿಂದ 20 ಪರ್ಸೆಂಟ್ ಟಿಪ್ಸ್ ಕೊಡುವುದು ಅಲ್ಲಿನ ರೂಢಿ.

10,000 ಡಾಲರ್‌ಗಿಂತ ಹೆಚ್ಚು ಒಯ್ದರೆ ಇಳಿದ ಕಡೆ ಬರೆದುಕೊಡಬೇಕು. ಗಂಡ ಹೆಂಡತಿ ಒಟ್ಟಿಗೆ ಹೋದರೆ ಇಬ್ಬರದೂ ಕೂಡಿಸಿ ಲೆಕ್ಕ. ನೀವು ಅಷ್ಟು ಒಯ್ಯುವುದಿಲ್ಲ ಬಿಡಿ.

ಆದರೆ ಒಂದು ಕಡೆ ಜುಗ್ಗತನ ಬೇಡ. ಆರೋಗ್ಯ ವಿಮೆ ಮಾಡಿಸಿ. ಅಲ್ಲಿ ಆಸ್ಪತ್ರೆಯ ಬಿಲ್ ಬಂದರೆ ಕರೆನ್ಸಿಯಲ್ಲಿ ಉಳಿಸಿದ ಸಾವಿರ ಎರಡು ಸಾವಿರ ಯಾವ ಮೂಲೆಗೂ ಸಾಲದು. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ.

ಟಿಸಿಎಸ್ ಅಂತ 20 ಪರ್ಸೆಂಟ್ ಹಿಡಿಯುತ್ತಾರಂತೆ, ನಿಜವಾ?

ನಿಜ, ಆದರೆ ಬಹುಪಾಲು ಜನರಿಗೆ ತಾಗುವುದಿಲ್ಲ. ಟಿಸಿಎಸ್ ಅಂದರೆ ದುಡ್ಡು ಕೊಡುವಾಗಲೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ. ಒಂದು ಆರ್ಥಿಕ ವರ್ಷದಲ್ಲಿ ನೀವು ಕೊಂಡ ವಿದೇಶಿ ಹಣ, ಫಾರೆಕ್ಸ್ ಕಾರ್ಡಿಗೆ ತುಂಬಿಸಿದ್ದು, ಹೊರಗೆ ಕಳಿಸಿದ್ದು ಎಲ್ಲ ಸೇರಿ 10 ಲಕ್ಷ ದಾಟಿದರೆ, ದಾಟಿದ ಭಾಗದ ಮೇಲೆ ಮಾತ್ರ. ಮೊದಲು ಈ ಮಿತಿ 7 ಲಕ್ಷ ಇತ್ತು, 2025ರ ಏಪ್ರಿಲ್‌ನಿಂದ 10 ಲಕ್ಷ ಆಯಿತು. ಓದಿಗೆ, ಚಿಕಿತ್ಸೆಗೆ ದರ ಕಡಿಮೆ. ಟ್ರಾವೆಲ್ಸ್‌ನವರ ಪ್ಯಾಕೇಜ್ ಟೂರಿಗೆ ನಿಯಮ ಬೇರೆ, ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ. ಕೋಟ್ ಕೇಳುವಾಗಲೇ "ಟಿಸಿಎಸ್ ಸೇರಿಸಿ ಹೇಳಿ" ಅನ್ನಿ.

ಹಿಡಿದ ದುಡ್ಡು ಹೋದ ದುಡ್ಡಲ್ಲ. ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ನಿಮ್ಮ ಪ್ಯಾನ್ ಹೆಸರಿಗೆ ಕಾಣುತ್ತದೆ. ರಿಟರ್ನ್ಸ್ ಹಾಕಿದರೆ ತೆರಿಗೆಗೆ ವಜಾ ಆಗುತ್ತದೆ, ತೆರಿಗೆ ಇಲ್ಲದಿದ್ದರೆ ವಾಪಸ್ ಬರುತ್ತದೆ. ರಿಟರ್ನ್ಸ್ ಹಾಕದೆ ಬಿಟ್ಟವರಿಗೆ ಮಾತ್ರ ನಷ್ಟ. ಬೇಸಾಯದವರು "ನಮಗೆ ತೆರಿಗೆಯೇ ಇಲ್ಲವಲ್ಲ" ಅಂತ ಸುಮ್ಮನಿರುತ್ತಾರೆ, ಅವರಿಗೇ ಇದನ್ನು ಒತ್ತಿ ಹೇಳುವುದು.

ಅಲ್ಲಿ ಕಾರ್ಡ್ ಕಳೆದರೆ?

ಮೊದಲು ಆ್ಯಪ್‌ನಲ್ಲಿ ಬ್ಲಾಕ್ ಮಾಡಿ, ಆಮೇಲೆ ಹುಡುಕಿ. ಹುಡುಕಿ ಆಮೇಲೆ ಬ್ಲಾಕ್ ಮಾಡುವವರೇ ಜಾಸ್ತಿ. ಹೊರದೇಶದಲ್ಲಿ ಎಷ್ಟೋ ಕಡೆ ಪಿನ್, ಒಟಿಪಿ ಏನೂ ಕೇಳದೆ ದುಡ್ಡು ಹೋಗುತ್ತದೆ. ಹೊರಗಿನವರು ಕದ್ದು ಬಳಸಿದ್ದನ್ನು ಬ್ಯಾಂಕಿಗೆ 3 ಕೆಲಸದ ದಿನದೊಳಗೆ ತಿಳಿಸಿದರೆ ಹೊಣೆ ನಿಮ್ಮ ಮೇಲೆ ಬರುವುದಿಲ್ಲ ಅಂತ ಆರ್‌ಬಿಐ 2017ರಲ್ಲಿ ನಿಯಮ ಮಾಡಿತು. ಆದರೆ ಪಿನ್ ಅನ್ನು ಕಾರ್ಡಿನ ಹಿಂದೆಯೇ ಬರೆದಿಟ್ಟಿದ್ದರೆ ಆ ನಿಯಮ ಕಾಪಾಡುವುದಿಲ್ಲ. ಬ್ಯಾಂಕಿನ ಫೋನ್ ನಂಬರನ್ನು ಒಂದು ಚೀಟಿಯಲ್ಲೂ ಬರೆದಿಡಿ. 1800ರಿಂದ ಶುರುವಾಗುವ ನಂಬರ್ ಹೊರದೇಶದಿಂದ ಹೋಗದಿರಬಹುದು, +91 ಇರುವ ಮಾಮೂಲಿ ನಂಬರ್ ಬೇಕು.

ಶಾಪಿಂಗ್ ಮಾಡಿದ ತೆರಿಗೆ ವಾಪಸ್ ಬರುತ್ತಂತಲ್ಲ?

ಸಿಂಗಾಪುರ, ದುಬೈ, ಥಾಯ್ಲೆಂಡ್, ಯೂರೋಪಿನ ಎಷ್ಟೋ ದೇಶಗಳಲ್ಲಿ ಬರುತ್ತದೆ. ಸಿಂಗಾಪುರದಲ್ಲಿ ಕನಿಷ್ಠ 100 ಸಿಂಗಾಪುರ್ ಡಾಲರ್‌ನ ಖರೀದಿ ಬೇಕು. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ಹೇಳಬೇಕು, ಸಾಮಾನನ್ನು ಲಗೇಜಿಗೆ ಹಾಕಿ ಕಳಿಸುವ ಮೊದಲೇ ಏರ್‌ಪೋರ್ಟ್ ಕೌಂಟರ್‌ಗೆ ಹೋಗಬೇಕು. ಒಂದು ಗಂಟೆ ಮುಂಚೆ ಹೋಗಿ.

ವಾಪಸ್ ಬಂದ ಮೇಲೆ ಉಳಿದ ದುಡ್ಡು?

2,000 ಡಾಲರ್‌ನಷ್ಟು ನೋಟು ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಮಾರಬೇಕು ಅಥವಾ ಬ್ಯಾಂಕಿಗೆ ಕೊಡಬೇಕು. ಮುಂದಿನ ವರ್ಷ ಮತ್ತೆ ಹೋಗುವ ಯೋಚನೆ ಇದ್ದರೆ ಇಟ್ಟುಕೊಳ್ಳುವುದೇ ಮೇಲು, ಮಾರುವಾಗ ಒಂದು ಅಂತರ, ಮತ್ತೆ ಕೊಳ್ಳುವಾಗ ಒಂದು ಅಂತರ, ಎರಡೂ ಉಳಿಯುತ್ತದೆ. ಫಾರೆಕ್ಸ್ ಕಾರ್ಡಿನಲ್ಲಿ ಉಳಿದದ್ದನ್ನು ಮಾತ್ರ ಮರೆಯಬೇಡಿ. ಬಳಸದೆ ಇಟ್ಟರೆ ಕೆಲವು ಕಾರ್ಡುಗಳಲ್ಲಿ ಅದಕ್ಕೂ ಫೀಸು ಕಡಿಯುತ್ತಾರೆ.

ನಾಣ್ಯಗಳನ್ನು ಇಲ್ಲಿ ಯಾರೂ ಕೊಳ್ಳುವುದಿಲ್ಲ. ಅಲ್ಲಿಯ ಏರ್‌ಪೋರ್ಟ್‌ನಲ್ಲೇ ಒಂದು ಕಾಫಿ ಕುಡಿದು ಮುಗಿಸಿ. ನಮ್ಮ ಅಂಗಡಿಯ ಗಾಜಿನ ಡಬ್ಬಿಯಲ್ಲಿ ಬಾತ್, ದಿರ್ಹಂ, ಸೆಂಟು ಎಲ್ಲ ಸೇರಿ ಅರ್ಧ ಡಬ್ಬಿ ಆಗಿದೆ. ಜೆರಾಕ್ಸ್‌ಗೆ ಚಿಲ್ಲರೆ ಇಲ್ಲ ಅಂತ ನಗುತ್ತಾ ಕೊಟ್ಟು ಹೋದವರು.